ಓನರ್ ರಾಜನಿಗೆ ಸಾವಿಲ್ಲ

ಇವತ್ತು ಬಸ್ಸಿನಲ್ಲಿ ಪಕ್ಕ ಕೂತವರ ಅಂಗಿಯಿಂದ ಲೇತ್ ಮೆಷಿನ್ನಿನ ಆಯಿಲ್ ವಾಸನೆ ಬಂತು. ಅಪ್ಪನ ಕೈ ಹೀಗೇ ನಾರುತ್ತಿತ್ತು.

ಆಗ ರಾಜಗೋಪಾಲನಗರದಲ್ಲಿ ಬಾಡಿಗೆಗಿದ್ದೆವು. ಭಾನುವಾರ ಬಂದರೆ ಓನರ್ ಗೌಡರು ಅಪ್ಪನನ್ನು ಚೆಸ್ಸಿಗೆ ಕರೆಯುತ್ತಿದ್ದರು. “ನಿನ್ ಕೈಯಾಗೆ ಆಯಿಲ್ ಐತೆ, ಕರೀ ಕಾಯಿ ತಗೋ” ಎನ್ನುತ್ತಿದ್ದರು. ರೂಲ್ಸೂ ಅವರವೇ. ಅವರ ರಾಣಿಗೆ ಉಪವಾಸ, ಹೊಡೆಯುವಂತಿಲ್ಲ. ಅವರ ಕುದುರೆ ಹುರುಳಿ ತಿಂದಿದೆ, ಎರಡು ಸಲ ಹಾರಬಹುದು. ಪೀಣ್ಯಕ್ಕೆ ಮೆಷಿನ್ ಮಾರಲು ಬಂದ ರಷ್ಯಾದ ಚಾಂಪಿಯನ್ ಇವರಿಗೆ ಸೋತು, ಕೋಟು ಬಿಟ್ಟು ಓಡಿದನಂತೆ. ಮುಂದಿನ ವಾರದ ಕಥೆಯಲ್ಲಿ ಪ್ಯಾಂಟನ್ನೂ ಬಿಟ್ಟಿದ್ದ. ಅಪ್ಪ ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಒಂದು ದಿನ ಆಟದ ಗುಂಗಿನಲ್ಲಿ ಅಪ್ಪನ ಬಾಯಿಂದ “ಚೆಕ್‌ಮೇಟ್ ರೀ ಗೌಡ್ರ” ಎಂದು ಬಂದೇಬಿಟ್ಟಿತು. ಗೌಡರು ಬೋರ್ಡು ನೋಡಿದರು, ಆಮೇಲೆ ನಮ್ಮ ಬಾಗಿಲು ನೋಡಿದರು.

“ನನ್ ರಾಜ ನಿಂತಿರೋ ಮನೆ ಯಾರ್ದು?”

“ನಿಮ್ದ ರೀ.”

“ಮತ್ತೆ? ಸ್ವಂತ ಮನೇಲಿ ಇರೋನ್ನ ಬಾಡಿಗೆಯವ್ನು ಎಂಗೆ ಸಾಯಿಸ್ತಾನೆ?”

ಅಪ್ಪ ನಕ್ಕು, ತಮ್ಮ ರಾಜನನ್ನೇ ಮಲಗಿಸಿದರು.

“ನೀನ ಗೆದ್ದಿದ್ದಿ ಅಲ್ಲಪ್ಪಾ?” ಎಂದು ಮೆಟ್ಟಿಲ ಮೇಲೆ ಕೇಳಿದೆ.

“ಅರವತ್ನಾಕೂ ಮನಿ ಅವರವ ಅದಾವ, ಬಿಡವ್ವಾ” ಎಂದರು. ಆಗ ಅವರು ನಗುತ್ತಿರಲಿಲ್ಲ.

ಬಸ್ಸಿಳಿದು ಬ್ರೂಕ್‌ಫೀಲ್ಡಿನ ನನ್ನ ಬಾಡಿಗೆ ಮನೆಗೆ ಬಂದರೆ, ಓನರ್ ಗೇಟಿನಲ್ಲೇ ನಿಂತಿದ್ದರು. ಹೋದ ತಿಂಗಳು ಹೇಳಿದ ಜೋಕನ್ನೇ ಮತ್ತೆ ಹೇಳಿದರು. ನಾನು ನಕ್ಕೆ. ಥೇಟ್ ಅಪ್ಪನ ನಗು.