ಅಟ್ಲಾಸಿನಲ್ಲಿ ಒಂದು ಗಂಟೆ ದೂರ

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಕಿರಂಗೂರಿನ ನಮ್ಮ ಬೀದಿಯಲ್ಲಿ ಯಾವ ಊರು ಎಷ್ಟು ದೂರ ಎಂದು ಯಾರಿಗೆ ಅನುಮಾನ ಬಂದರೂ ನನ್ನನ್ನೇ ಕೇಳುತ್ತಿದ್ದರು. ಅದರಿಂದ ನನಗೆ ತಲೆ ತಿರುಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಪ್ಪ ಹಾಸಿಗೆ ಹಿಡಿದು, ಇನ್ನು ಹೆಚ್ಚು ದಿನ ಇಲ್ಲ ಎಂದಾದಾಗ ಅಕ್ಕ ಗಂಡನೊಂದಿಗೆ ಬೆಳಗಾವಿಯಲ್ಲಿದ್ದಳು. ನಮ್ಮಲ್ಲಿ ಜೀವ ಹೋಗುವ ಮುಂಚೆ ಮಕ್ಕಳೆಲ್ಲ ಬಾಯಿಗೆ ನೀರು ಬಿಡಬೇಕು. "ನಿಮ್ಮಕ್ಕಂಗೆ ಯೋಳ್ಲಾ, ಬೆಳಿಗ್ಗೆ ಬಸ್ಸತ್ಕಂಡ್ ಬಂದ್ಬುಡ್ಲಿ" ಎಂದರು ಅಪ್ಪ.

ಆ ಸಂಜೆ ನಾನು ಅಟ್ಲಾಸು ತೆಗೆದೆ. ಬೆಳಗಾವಿಯ ಪಕ್ಕ ಪುಟ್ಟ ವಿಮಾನದ ಗುರುತು, ಮೈಸೂರಿನ ಪಕ್ಕ ಇನ್ನೊಂದು. ಸ್ಕೇಲಿಟ್ಟು ಅಳೆದೆ. ಸುಮಾರು ನಾನೂರ ಅರವತ್ತು ಕಿಲೋಮೀಟರು. ವಿಮಾನಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಬಸ್ಸಿಗಾದರೆ ಇಡೀ ಹಗಲು. ಶ್ರೀರಂಗಪಟ್ಟಣದ ಎಸ್.ಟಿ.ಡಿ. ಬೂತಿನಿಂದ ಅಕ್ಕನಿಗೆ ಫೋನು ಮಾಡಿದೆ.

"ಬಸ್ಸತ್ಬೇಡ ಕಣಕ್ಕ. ಬೆಳಿಗ್ಗೆ ಸೀದಾ ಏರೋಡ್ರೋಮ್‌ಗೋಗು. ಮದ್ಯಾನ್ನಕ್ಕೆ ಅಪ್ಪನ ಮುಂದಿರ್ತೀಯ."

"ಅಲ್ಲಿಗೆ ಇಮಾನ ಐತೇನ್ಲಾ?"

"ನೋಡ್ಬುಟ್ಟೇ ಯೋಳ್ತಿರದು."

ನಾನು ನೋಡಿದ್ದು ಭೂಪಟ ಮಾತ್ರ. ಯಾವ ದಿನ, ಎಷ್ಟು ಗಂಟೆಗೆ ಎಂದು ಒಬ್ಬರನ್ನೂ ವಿಚಾರಿಸಿರಲಿಲ್ಲ.

ಮರುದಿನ ಹತ್ತು ಗಂಟೆಗೆಲ್ಲ ಮೈಸೂರಿನಾಚೆ ಮಂಡಕಳ್ಳಿಯಲ್ಲಿದ್ದೆ. ಗೇಟು ಮುಚ್ಚಿತ್ತು. ಕಾವಲಿನವನು ಬೀಡಿ ಆರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇಲ್ಗೆ ಇಮಾನ ಬರಾದು ನಿಂತೋಗಿ ಯಾವ್ ಕಾಲ ಆಯ್ತು ಸಾ. ಯಾರ್ ಯೋಳುದ್ರು ನಿಮ್ಗೆ?"

ಹೇಳಿದ್ದು ನಾನೇ. ಆದರೂ ಮೂರು ಗಂಟೆಯವರೆಗೆ ಅಲ್ಲೇ ಆಕಾಶ ನೋಡುತ್ತಾ ನಿಂತಿದ್ದೆ.

ಅತ್ತ ಬೆಳಗಾವಿಯ ಏರೋಡ್ರೋಮಿನಲ್ಲಿ ಅಕ್ಕನನ್ನೂ, ಮೈಸೂರಿಗೆ ವಿಮಾನವೇ ಇಲ್ಲ ಎಂದು ವಾಪಸು ಕಳಿಸಿದ್ದರು. ಅವಳು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬೆಳಗಿನ ಬಸ್ಸು ಹೋಗಿತ್ತು. ಸಂಜೆಯದೇ ಗತಿಯಾಯಿತು. ಇತ್ತ ನಾನು ಮನೆಗೆ ಬಂದಾಗ ಅಪ್ಪ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು.

"ಎಲ್ಗಂಟ ಬಂದವ್ಳ್ಲಾ ನಿಮ್ಮಕ್ಕ?"

"ಬತ್ತಾವ್ಳೆ ಕಣಪ್ಪ."

ಕತ್ತಲಾಗುವವರೆಗೂ ಅದನ್ನೇ ಕೇಳುತ್ತಿದ್ದರು. ಬೆಳಗಿನ ಜಾವಕ್ಕೆ ಹೋಗಿಬಿಟ್ಟರು. ಅಪ್ಪ ಹೇಳಿದ ಬಸ್ಸಿಗೇ ಹೊರಟಿದ್ದರೆ ಅಕ್ಕ ಅಷ್ಟು ಹೊತ್ತಿಗೆ ಬಂದು ಅವರ ಪಕ್ಕದಲ್ಲಿ ಕೂತಿರುತ್ತಿದ್ದಳು.

ಎಂಟು ಗಂಟೆಗೆ ಬಂದಳು. ಬಂದವಳೇ ಲೋಟ ತೆಗೆದುಕೊಂಡು ಅಪ್ಪನ ಬಾಯಿಗೆ ನೀರು ಬಿಟ್ಟಳು. ನೀರು ಕೆನ್ನೆಯ ಮೇಲಿಳಿದು ಚಾಪೆಗೆ ಹೋಯಿತು. ಸೆರಗಿನಿಂದ ಒರೆಸಿ ಮತ್ತೆ ಬಿಟ್ಟಳು. ನನಗೆ ನೋಡಲಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಅಪ್ಪ ನನ್ನ ಕೇಳುದ್ನೇನ್ಲಾ?"

"ಇಲ್ಲ ಕಣಕ್ಕ. ನೆನ್ನೆಯಿಂದ ಗ್ಯಾನನೇ ಇರ್ನಿಲ್ಲ."

ಅವಳ ಸಂಕಟ ಹೆಚ್ಚದಿರಲಿ ಎಂದು ಹಾಗೆ ಹೇಳಿದೆ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ನಾನು ನನ್ನ ತಪ್ಪು ಒಪ್ಪಿಕೊಳ್ಳುವುದರಿಂದ ತಪ್ಪಿಸಿಕೊಂಡಿದ್ದು. ಅಪ್ಪ ಸಾಯುವಾಗ ತನ್ನನ್ನು ಒಂದು ಸಲವೂ ಕೇಳಲಿಲ್ಲ ಎಂದೇ ಅಕ್ಕ ಇವತ್ತಿಗೂ ತಿಳಿದಿದ್ದಾಳೆ.