ಜೋಡಿ ಗುಂಡು ಹೊಡೆಯುವ ಗಾಡಿ

ನಮ್ಮ ಕಡೆ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಕೋವಿಯಿಂದ ಒಂದು ಗುಂಡು ಹೊಡೆಯುತ್ತಾರೆ. ಯಾರಾದರೂ ತೀರಿಕೊಂಡರೆ ಒಂದರ ಬೆನ್ನಿಗೆ ಇನ್ನೊಂದು, ಜೋಡಿ ಗುಂಡು. ಜೋಡಿ ಗುಂಡು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು, ಸದ್ದು ಬಂದ ದಿಕ್ಕಿಗೆ ನಡೆಯಬೇಕು. ಮನೆಗೊಬ್ಬರಾದರೂ ಹೋಗಲೇಬೇಕು. ಇದೆಲ್ಲ ಚಿಕ್ಕಂದಿನಿಂದ ಗೊತ್ತಿದ್ದವನೇ ನಾನು. ಆದರೂ ಆ ವರ್ಷ ನನ್ನ ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಕತ್ತರಿಸುವಾಗ ಅದೊಂದೂ ನೆನಪಾಗಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ಹೊಸತು. ಬಿಟ್ಟಂಗಾಲದಿಂದ ಒಳಗೆ, ನಮ್ಮ ಮನೆಗೆ ಬರುವ ಮಣ್ಣು ದಾರಿಗೆ ಒಂದು ತೋಡು ಅಡ್ಡ ಹರಿಯುತ್ತಿತ್ತು. ಅದಕ್ಕೆ ಸೇತುವೆ ಬರುತ್ತದೆ ಎಂಬ ಮಾತು ಬಂದಿತ್ತು, ಸೇತುವೆ ಬಂದಿರಲಿಲ್ಲ. ಬೇಸಿಗೆಯಲ್ಲಿ ಕೋಳಿಯೂ ದಾಟುವ ಆ ತೋಡು ಕಕ್ಕಡ ತಿಂಗಳ ಮಳೆಗೆ ಮೊಣಕಾಲು ಮೀರಿ ಏರುತ್ತಿತ್ತು. ನನ್ನದು ಮಿಲಿಟರಿಯವರು ಮಾರಿದ ಹಳೆಯ ಗಾಡಿ. ಎಂಜಿನ್ನಿಗೆ ಗಾಳಿ ಎಳೆದುಕೊಡುವ ಡಬ್ಬಿ ಸೀಟಿನ ಕೆಳಗಿತ್ತು, ಹೊಗೆ ಬಿಡುವ ಸೈಲೆನ್ಸರ್ ಅದಕ್ಕಿಂತಲೂ ತಗ್ಗಿನಲ್ಲಿತ್ತು. ಸೈಲೆನ್ಸರ್ ಕತ್ತರಿಸುವುದಕ್ಕೆ ಎರಡು ವರ್ಷ ಹಿಂದೆ, ಇಂಥದೇ ಕಕ್ಕಡದಲ್ಲಿ, ನನ್ನ ಹೆಂಡತಿಗೆ ಹೆರಿಗೆ ನೋವು ಬಂದಾಗ ವಿರಾಜಪೇಟೆಯಿಂದ ನರ್ಸಮ್ಮನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ತೋಡಿನ ನಟ್ಟನಡುವೆ ಗಾಡಿ ನೀರು ಕುಡಿದು ನಿಂತುಬಿಟ್ಟಿತು. ನರ್ಸಮ್ಮ ಸೀರೆ ಎತ್ತಿ ಕಟ್ಟಿ ಉಳಿದ ದಾರಿಯನ್ನು ಕೆಸರಿನಲ್ಲಿ ನಡೆದರು. ನಾವು ಮನೆ ಮುಟ್ಟುವಾಗ ಮಗು ಉಳಿದಿರಲಿಲ್ಲ. ತಾಯಿ ಉಳಿದದ್ದೇ ಪುಣ್ಯ ಎಂದರು.

ಅವಳು ಮತ್ತೆ ಬಸುರಿಯಾದಾಗ, ಗದ್ದೆ ನಾಟಿ ಮುಗಿದ ಕೂಡಲೇ ಅವಳನ್ನು ಪೇಟೆಯ ನೆಂಟರ ಮನೆಗೆ ಕಳಿಸುವುದೆಂದು ಅವ್ವ ನಿಶ್ಚಯಿಸಿದಳು. ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಹೆರಿಗೆ ನಮ್ಮ ನಾಟಿ ಮುಗಿಯಲಿ ಎಂದು ಕಾಯುತ್ತದೆಯೇ? ಹೆದರಿಕೆಗೂ ಸಿಟ್ಟಿಗೂ ಗಾಡಿಯ ಮೇಲೇ ಕೈ ಮಾಡಿದೆ. ಗಾಳಿ ಡಬ್ಬಿ ಕಿತ್ತು, ಪೆಟ್ರೋಲ್ ಟ್ಯಾಂಕಿನ ಹತ್ತಿರ ಎತ್ತರದಲ್ಲಿ ಜಾಲರಿ ಕಟ್ಟಿದ ಕೊಳವೆ ಇಟ್ಟೆ. ಸೈಲೆನ್ಸರ್ ಕತ್ತರಿಸಿ, ಪೈಪನ್ನು ಬಗ್ಗಿಸಿ ಸೀಟಿನ ಪಕ್ಕಕ್ಕೆ ಎತ್ತಿದೆ. ಇನ್ನು ತೋಡು ಎಷ್ಟಾದರೂ ಏರಲಿ ಎಂದು ಬೀಗಿದೆ.

ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ ಹಾಗಾಯಿತು. ಗಾಡಿ ಈಗ ಸರಾಗವಾಗಿ ಉಸಿರು ಎಳೆದು ಸರಾಗವಾಗಿ ಬಿಡುತ್ತಿತ್ತು, ಆದರೆ ಕಾರ್ಬುರೇಟರ್ ಮಾತ್ರ ಹಳೆಯ ಅಳತೆಯಲ್ಲೇ ಪೆಟ್ರೋಲು ಕೊಡುತ್ತಿತ್ತು. ಗಾಳಿ ಹೆಚ್ಚಾಯಿತು, ಪೆಟ್ರೋಲು ಸಾಲದೆ ಹೋಯಿತು. ಪ್ಲಗ್ ಬಿಚ್ಚಿ ನೋಡಿದರೆ ಸುಣ್ಣ ಬಳಿದ ಹಾಗೆ ಬಿಳಿ. ಮನೆಯ ಮುಂದಿನ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟದ್ದೇ ತಡ, ಪೈಪಿನ ಬಾಯಿಂದ ಢಂ, ಢಂ ಎಂದು ಎರಡು ಸದ್ದು. ಎದುರಿನ ಗುಡ್ಡವೂ ಅದನ್ನೇ ತಿರುಗಿ ಹೇಳಿತು.

ನಾನು ಬೈದುಕೊಳ್ಳುತ್ತ ಸ್ಪ್ಯಾನರ್ ಹುಡುಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ಬಿಳಿ ಬಟ್ಟೆ ಉಟ್ಟವರು ಸಾಲಾಗಿ ಬರುವುದು ಕಂಡಿತು. ಮುಂದೆ ಕೆಳಮನೆಯ ಅಜ್ಜ. ನಮ್ಮ ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯರೆಂದರೆ ಅವರೇ. ನಾಟಿಯ ಕೆಸರು ಇನ್ನೂ ಕಾಲಿನಲ್ಲಿತ್ತು, ಮೇಲೆ ಬಿಳಿ ಪಂಚೆ. ಅವರು ನನ್ನನ್ನು ಏನೂ ಕೇಳಲಿಲ್ಲ. ನನ್ನ ಹೆಗಲ ಮೇಲಿಂದ ಜಗಲಿಯ ಕಡೆ ನೋಡಿದರು. ಅಲ್ಲಿ ನನ್ನ ಹೆಂಡತಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಅಜ್ಜ ಅಂಗಳದ ಕಲ್ಲಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು.

"ಇದ್ದಾಳಲ್ಲ," ಎಂದರು. "ನಮ್ಮ ಹುಡುಗಿ ಇದ್ದಾಳಲ್ಲ. ಮತ್ತೆ ಯಾರಿಗೆ ಹೊಡೆದದ್ದು?"

"ಯಾರಿಗೂ ಅಲ್ಲ ಅಜ್ಜ. ಗಾಡಿದು ಆ ಶಬ್ದ."

ಅಳು ನಿಂತು ಸಿಟ್ಟು ಏರಿತು. "ಎಂತ ಮಾರಾಯ ನೀನು! ಆ ಪೈಪು ಕಿತ್ತು ತೋಡಿಗೆ ಬಿಸಾಡು. ಇಲ್ದಿದ್ರೆ ಮುಂದಿನ ಸಲ ನಂಗೇ ಹೊಡೀಬೇಕಾಗ್ತದೆ ಜೋಡಿ ಗುಂಡು."

ಅವ್ವ ಬಂದವರಿಗೆಲ್ಲ ಬೆಲ್ಲದ ಕಾಫಿ ಕೊಟ್ಟಳು. ಯಾರೋ ತಮಾಷೆ ಮಾಡಿದರು, ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಅವಳನ್ನು ಜಗಲಿಯಲ್ಲಿ ಕಾಣುವ ಮೊದಲು, ಸತ್ತದ್ದು ಯಾರು ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ. ನನ್ನೊಳಗೆ ಮಾತ್ರ ಇದೆ ಎಂದುಕೊಂಡಿದ್ದ ಭಯ ಊರಿಗೆಲ್ಲ ಇತ್ತು.

ಪೈಪು ಬಿಸಾಡುವ ಹಾಗಿರಲಿಲ್ಲ. ಹಳೆಯ ಪೈಪು ಹಾಕಿದರೆ ತೋಡಿನಲ್ಲಿ ನಿಲ್ಲುತ್ತದೆ. ಹಾಗಾಗಿ ಪೇಟೆಯಿಂದ ದೊಡ್ಡ ತೂತಿನ ಜೆಟ್ ತಂದು ಕಾರ್ಬುರೇಟರಿಗೆ ಹಾಕಿದೆ, ಪೆಟ್ರೋಲು ಧಾರಾಳ ಬರಲಿ ಎಂದು. ಬಂತು, ಬೇಡವೆಂದಷ್ಟು ಬಂತು. ಏರಿನಲ್ಲಿ ಗಾಡಿ ಕೆಮ್ಮಿ ಕರಿ ಹೊಗೆ ಕಾರಿತು, ಪ್ಲಗ್ ಒಲೆಯ ಮಸಿಯಾಯಿತು. ಇಳಿಜಾರಿನಲ್ಲಿ ಮಾತ್ರ ಮತ್ತೆ ಅದೇ ಢಂ, ಢಂ. ಈ ಸಲ ಬಿಳಿ ಬಟ್ಟೆ ಬರಲಿಲ್ಲ. ಗದ್ದೆಯಿಂದ ಬೈಗುಳ ಬಂತು.

ಜಗಲಿಯಿಂದ ಹೆಂಡತಿ ಹೇಳಿದಳು: "ಹತ್ತುವಾಗ ಸುಮ್ನೆ ಇರ್ತದೆ. ಇಳಿಯುವಾಗ ನೀವು ಕೈ ಬಿಟ್ರೆ ಮಾತ್ರ ಹೊಡೀತದೆ. ನಾನು ಮೂರು ದಿವಸದಿಂದ ಕೇಳ್ತಾ ಇದ್ದೇನೆ."

"ನಿಂಗೆ ಎಂತ ಗೊತ್ತು ಕಾರ್ಬುರೇಟರ್?" ಎಂದು ರೇಗಿದೆ.

"ಕಾರ್ಬುರೇಟರ್ ಗೊತ್ತಿಲ್ಲ. ಕಿವಿ ಉಂಟು."

ರೇಗಿದ್ದೇನೋ ರೇಗಿದೆ, ಆದರೆ ಬಾವಿಕಟ್ಟೆಗೆ ಹೋಗಿ ಕೈ ತೊಳೆಯುವಾಗ ಹೊಳೆಯಿತು. ದೊಡ್ಡ ಜೆಟ್ ಕೆಲಸ ಮಾಡುವುದು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ. ಕೈ ಬಿಟ್ಟಾಗ ಗಾಳಿಯ ಹದ ನೋಡಿಕೊಳ್ಳುವುದು ಪಕ್ಕದಲ್ಲಿರುವ ಒಂದು ಸಣ್ಣ ಸ್ಕ್ರೂ. ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಕಾಯಿಲೆ ಕಾಲಿಗಾದರೆ ಮದ್ದು ತಲೆಗೆ ಹಚ್ಚುತ್ತಿದ್ದೆ. ಜೆಟ್ಟನ್ನು ಒಂದು ಅಳತೆ ಚಿಕ್ಕದು ಮಾಡಿದೆ, ಪೆಟ್ರೋಲಿನ ದಾರಿಗೆ ಅಡ್ಡ ನಿಲ್ಲುವ ಒಳಗಿನ ಸೂಜಿಯನ್ನು ಒಂದು ಗೆರೆ ಎತ್ತಿದೆ. ಗಾಳಿ ಕಮ್ಮಿಯಾಗಲೆಂದು ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಒಳಗೆ ತಿರುಗಿಸುವುದು, ಇಳಿಜಾರಿನಲ್ಲಿ ಬಿಟ್ಟು ನೋಡುವುದು, ಮತ್ತೆ ತಿರುಗಿಸುವುದು. ಅವಳು ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತು "ಇನ್ನೂ ಉಂಟು", "ಈಗ ಕಮ್ಮಿ" ಎನ್ನುತ್ತಿದ್ದಳು. ಕೊನೆಗೆ ಏನೂ ಹೇಳಲಿಲ್ಲ. ಪ್ಲಗ್ ಬಿಚ್ಚಿ ಅವ್ವನಿಗೆ ತೋರಿಸಿದೆ.

"ಕಾಫಿ ಹುರಿದ ಬಣ್ಣ," ಎಂದಳು ಅವ್ವ. "ಇನ್ನು ಒಲೆಯಿಂದ ಇಳಿಸು, ಹದ ಬಂದದೆ."

ನಾಟಿ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ನೋವು ಬಂತು. ಮಳೆ ಮುಖಕ್ಕೆ ಹೊಡೆಯುತ್ತಿತ್ತು. ವಿರಾಜಪೇಟೆಯಲ್ಲಿ ನರ್ಸಮ್ಮ ನನ್ನ ಗಾಡಿ ಕಂಡು ಒಂದು ಕ್ಷಣ ಹಿಂದೆ ಮುಂದೆ ನೋಡಿದರು. ಅವರಿಗೂ ಆ ತೋಡು ನೆನಪಿತ್ತು. ಸೀರೆ ಎತ್ತಿ ಕಟ್ಟಿಯೇ ಹತ್ತಿ ಕೂತರು. ತೋಡಿನ ಕೆಂಪು ನೀರು ಎಂಜಿನ್ನಿಗೇ ಬಡಿಯಿತು. ನಾನು ದೇವರನ್ನು ಕರೆದೆ, ಇಗ್ಗುತಪ್ಪನನ್ನೂ ಕಾವೇರಮ್ಮನನ್ನೂ ಒಟ್ಟಿಗೇ ಕರೆದೆ. ಗಾಡಿ ಒಂದೇ ಉಸಿರಿಗೆ ಆಚೆ ದಡ ಹತ್ತಿತು. ಇನ್ನು ಉಳಿದದ್ದು ಮನೆಯ ಇಳಿಜಾರು. ಅವಳು ಒಳಗೆ ನೋವಿನಲ್ಲಿರುವಾಗ ಅಂಗಳದ ಮುಂದೆ ಜೋಡಿ ಗುಂಡು ಹೊಡೆದರೆ ಅವ್ವನ ಎದೆಯೇ ನಿಂತೀತು. ಹಲ್ಲು ಕಚ್ಚಿ ಕೈ ಬಿಟ್ಟೆ. ಗಾಡಿ ಬೆಕ್ಕಿನ ಹಾಗೆ ಗುರುಗುರು ಎನ್ನುತ್ತ ಇಳಿಯಿತು. ಅಂಗಳದಲ್ಲಿ ನಿಂತದ್ದೇ ನರ್ಸಮ್ಮ ಇಳಿದು ಒಳಗೆ ಓಡಿದರು.

ಮಧ್ಯಾಹ್ನದ ಹೊತ್ತಿಗೆ ಮಗು ಅತ್ತಿತು. ಹೆಣ್ಣು. ತಾಯಿಯೂ ಚೆನ್ನಾಗಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಚಿಕೆಯಿಲ್ಲದೆ ಅತ್ತೆ, ಎದೆಯ ಮೇಲಿನ ಬಂಡೆ ಯಾರೋ ಎತ್ತಿಟ್ಟ ಹಾಗಾಗಿತ್ತು.

ಹೆಣ್ಣು ಹುಟ್ಟಿದರೆ ಕಂಚಿನ ಬಟ್ಟಲು ಬಡಿಯುವುದು ರೂಢಿ. ಅವ್ವ ಬಟ್ಟಲು ತಂದು ಮಳೆಯನ್ನು ನೋಡಿದಳು. "ಈ ಮಳೆಯಲ್ಲಿ ಬಟ್ಟಲು ಬಡಿದ್ರೆ ಅಡುಗೆಮನೆಗೂ ಕೇಳ್ಲಿಕ್ಕಿಲ್ಲ," ಎಂದು, "ಕೋವಿ ತೆಗಿ," ಎಂದಳು. ಗೋಡೆಯ ಕೋವಿ ಇಳಿಸಿ ಒಂದು ಗುಂಡು ಹೊಡೆದೆ.

ಯಾರೂ ಬರಲಿಲ್ಲ. ಕಾದೆವು. ಅವ್ವ ಇಟ್ಟ ಕಾಫಿ ಆರಿತು. ಕೊನೆಗೆ ನಾನೇ ಗಾಡಿ ಹತ್ತಿ ಕೆಳಮನೆಗೆ ಹೋದೆ. ಅಜ್ಜ ಒಲೆಯ ಮುಂದೆ ಕೈ ಕಾಯಿಸುತ್ತ ಕೂತಿದ್ದರು. ಮಳೆಯ ಸದ್ದಿಗೆ ನಾನು ಬಂದದ್ದೇ ಅವರಿಗೆ ಗೊತ್ತಾಗಲಿಲ್ಲ.

"ಗುಂಡು ಕೇಳ್ಲಿಲ್ವಾ ಅಜ್ಜ?"

"ಕೇಳ್ತು. ನಿನ್ನ ಆ ಹಾಳು ಗಾಡಿ ಅಂತ ಸುಮ್ನಾದೆ."

"ಗಾಡಿ ಅಲ್ಲ. ಗಾಡಿ ಸರಿಯಾಗಿದೆ. ಅದು ಕೋವಿ."

ಅಜ್ಜನ ಮುಖ ಬಿಳಿಚಿತು. ಎದ್ದು ನನ್ನ ತೋಳು ಹಿಡಿದರು.

"ನಂಗೆ ಒಂದೇ ಕೇಳಿದ್ದು. ಒಂದೇ ಅಲ್ವಾ ಹೊಡೆದದ್ದು? ಸರಿಯಾಗಿ ಹೇಳು."

"ಒಂದೇ ಅಜ್ಜ," ಎಂದೆ. "ಒಂದೇ."