ದನಿಗೊಂದು ಪೆಟ್ಟಿಗೆ

ಮೊನ್ನೆ ಪಡಸಾಲೆಗೆ ಸುಣ್ಣ ಹಚ್ಚಲೆಂದು ಸಾಮಾನು ಸರಿಸುವಾಗ ಮೂಲೆಯಲ್ಲಿದ್ದ ತೇಗದ ಪೆಟ್ಟಿಗೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗಿನಿಂದ ಹಳೆಯ ಕಟ್ಟಿಗೆಯ ವಾಸನೆ, ಅದರೊಡನೆ ಹಾಡಿನ ಯಂತ್ರಕ್ಕೆ ಬಿಡುತ್ತಿದ್ದ ಎಣ್ಣೆಯ ವಾಸನೆ ಬಂತು. ನಾನು ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಅಲ್ಲಿ ಕುಳಿತುಬಿಟ್ಟೆ. ಸುಣ್ಣ ಹಚ್ಚುವಾತ ಎರಡು ಸಲ ಕೆಮ್ಮಿ, ಈ ಗೋಡೆ ಬಿಡುವುದೋ ಹಚ್ಚುವುದೋ ಎಂದು ಕೇಳಬೇಕಾಯಿತು.

ಮೊಮ್ಮಕ್ಕಳೇ, ಈ ಪೆಟ್ಟಿಗೆಯ ಕಥೆಯನ್ನು ನೀವು ಬಂದಾಗಲೆಲ್ಲ ಕೇಳುತ್ತೀರಿ, ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋಗುತ್ತೇನೆ. ಬಾಯಿಂದ ಹೇಳಲು ನನಗೆ ಬಾರದು. ಸೊರಟೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮಾಸ್ತರರು ಎದ್ದು ನಿಂತು ಪಾಠ ಓದು ಎಂದರೆ ನಿಂತಲ್ಲೇ ಅಳುತ್ತಿದ್ದವಳು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅಷ್ಟೇ ಧೈರ್ಯ.

ಬೆಟಗೇರಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಇದ್ದವರು ಇಬ್ಬರೇ, ಶಾಲೆ ಮಾಸ್ತರರಾಗಿದ್ದ ನಿಮ್ಮ ಅಜ್ಜ ಮತ್ತು ಅವರ ತಾಯಿ. ನಮ್ಮ ಅತ್ತೆಯ ತವರು ಮುಂಡರಗಿ. ಅವರಿಗೆ ರುದ್ರಪ್ಪ ಎಂಬ ಒಬ್ಬ ಅಣ್ಣನಿದ್ದ. ಚಿಕ್ಕ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿ ರಾಣಿಯ ಪಾತ್ರ, ದಾಸಿಯ ಪಾತ್ರ ಕಟ್ಟತೊಡಗಿದ. ಮಗ ಸೀರೆ ಉಟ್ಟು ಮಂದಿಯ ಮುಂದೆ ಕುಣಿಯುತ್ತಾನೆಂದು ಅವರ ಅಪ್ಪ ಅವನನ್ನು ಮತ್ತೆ ಹೊಸ್ತಿಲು ದಾಟಗೊಡಲಿಲ್ಲ. ಕಂಪನಿ ಆ ಕಡೆ ಬಂದಾಗ ಅವನು ಊರ ಹೊರಗೆ ಹೊಲದ ಬದುವಿನಲ್ಲಿ ನಿಂತು ತಂಗಿಯನ್ನು ಕರೆಯುತ್ತಿದ್ದನಂತೆ. ಅತ್ತೆ ಸೆಗಣಿ ಆರಿಸುವ ನೆಪ ಮಾಡಿಕೊಂಡು ಓಡುತ್ತಿದ್ದರಂತೆ. ಕಡೆಗೆ ಯಾವುದೋ ದೂರದ ಊರಿನ ಧರ್ಮಶಾಲೆಯಲ್ಲಿ ಅವನು ತೀರಿಕೊಂಡ. ಉಳಿದದ್ದು ರಾಣಿಯ ಪಾತ್ರದಲ್ಲಿ ಅವನು ಹಾಡಿದ ಒಂದು ರಿಕಾರ್ಡು. ಅದನ್ನು ಅತ್ತೆ ತಮ್ಮ ಸೀರೆಗಳ ನಡುವೆ ಇಟ್ಟುಕೊಂಡಿದ್ದರು. ಒಮ್ಮೆಯೂ ಕೇಳಿರಲಿಲ್ಲ, ಕೇಳಲು ಮನೆಯಲ್ಲಿ ಯಂತ್ರವೇ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಿಮ್ಮ ಅಜ್ಜನಿಗೆ ಗದಗಿನ ಒಂದು ಗುಜರಿ ಅಂಗಡಿಯಲ್ಲಿ ಗ್ರಾಮೋಫೋನಿನ ಯಂತ್ರ ಸಿಕ್ಕಿತು. ಯಂತ್ರವೆಂದರೆ ಬರೀ ಯಂತ್ರ: ತಿರುಗುವ ತಟ್ಟೆ, ಸೂಜಿ ಹಿಡಿಯುವ ಬಾಗಿದ ಕೊಳವೆ, ಕೆಳಗೆ ಸ್ಪ್ರಿಂಗು, ಪಕ್ಕದಲ್ಲಿ ಹಿಡಿದು ತಿರುಗಿಸುವ ಚಾವಿ. ಪೆಟ್ಟಿಗೆ ಎಲ್ಲಿ ಎಂದು ಕೇಳಿದ್ದಕ್ಕೆ ಅಂಗಡಿಯಾತ, "ಪೆಟಗೀನ ಅರ್ಧಾ ಗೆದ್ದಲ ತಿಂತು, ಅರ್ಧಾ ನಮ್ಮ ನೀರೊಲಿ ತಿಂತು. ಕಬ್ಬಣ ಯಾರಿಗೂ ಪಚನ ಆಗಲಿಲ್ಲರಿ ಮಾಸ್ತರ" ಎಂದನಂತೆ. ಅದನ್ನು ಕೈಚೀಲದಲ್ಲಿ ತಂದು ಅಡುಗೆಮನೆಯ ಬಾಗಿಲಲ್ಲಿಟ್ಟು ಅವರು ಕಾಲು ತೊಳೆಯಲು ಹೋದರು. ನಾನು ಚಾವಿಯನ್ನು ನೋಡಿ ಶಾವಿಗೆ ಒತ್ತುವ ಹೊಸ ಯಂತ್ರವೆಂದು ತಿಳಿದು ತೊಳೆಯಲು ನೀರು ತೋಡಿದ್ದೆ. ಅವರು ಓಡಿ ಬಂದು ಚೊಂಬು ಕಸಿದುಕೊಂಡರು. ಎಷ್ಟೋ ವರ್ಷ ಬಂದವರ ಮುಂದೆಲ್ಲ ಅದನ್ನೇ ಹೇಳಿ ನಗುತ್ತಿದ್ದರು; ನಾನು ಬಾಗಿಲ ಹಿಂದೆ ನಿಂತು ಕೆಂಪಾಗುತ್ತಿದ್ದೆ.

ಆ ಕೊಳವೆಯ ದನಿ ಪೆಟ್ಟಿಗೆಯ ಹೊಟ್ಟೆಯೊಳಗೆ ಇಳಿದು ದೊಡ್ಡದಾಗಿ ಹೊರಗೆ ಬರಬೇಕು. ಪೆಟ್ಟಿಗೆ ಇಲ್ಲದಿದ್ದರೆ ದನಿ ಇರುವೆಯಷ್ಟು. ಸದ್ಯಕ್ಕೆ ಇರಲೆಂದು ನಿಮ್ಮ ಅಜ್ಜ ಒಂದು ಎಣ್ಣೆ ಡಬ್ಬಿಗೆ ತೂತು ಕೊರೆದು ಅದರ ಮೇಲೆ ಯಂತ್ರವನ್ನು ಕೂರಿಸಿದರು. ರುದ್ರಪ್ಪಜ್ಜನ ಹಾಡು ತಗಡಿನೊಳಗಿಂದ ಗರಗರ ಎನ್ನುತ್ತ, ಗಾಳಿಗೆ ಸಿಕ್ಕಂತೆ ಒಮ್ಮೆ ಹತ್ತಿರ ಒಮ್ಮೆ ದೂರ ಕೇಳಿಸಿತು. ಅತ್ತೆ ಡಬ್ಬಿಯ ಪಕ್ಕ ನೆಲದ ಮೇಲೆ ಕುಳಿತು ಸೆರಗು ಸರಿಸಿ ಕಿವಿ ಹಚ್ಚಿದರು. ಹಾಡು ಮುಗಿದ ಮೇಲೂ ತಟ್ಟೆ ನಿಲ್ಲುವವರೆಗೆ ಏಳಲಿಲ್ಲ. ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿ, ಬಂದು ಡಬ್ಬಿಯ ಬಳಿ ಕುಳಿತುಬಿಡುವರು.

ನಿಮ್ಮ ಅಜ್ಜನಿಗೆ ಮಾತ್ರ ಸಮಾಧಾನವಿಲ್ಲ. ತಾಯಿ ಹಾಗೆ ನೆಲಕ್ಕೆ ಬಾಗಿ ಡಬ್ಬಿಗೆ ಕಿವಿ ಕೊಡುವುದು ಅವರಿಗೆ ನೋಡಲಾಗುತ್ತಿರಲಿಲ್ಲ. ಒಂದು ದಿನ ಊಟ ಮಾಡುತ್ತ, "ಮಾವಗ ಕಡೀತನಕ ಒಂದು ಮನಿ ಸಿಗಲಿಲ್ಲ. ಅವನ ದನಿಗಾದ್ರೂ ಒಂದು ಮನಿ ಮಾಡೋಣು" ಎಂದರು. ನಾನು ರೊಟ್ಟಿ ಹಾಕಿದೆ.

ಆಮೇಲೆ ರಜೆ ಬಂತೆಂದರೆ ಪೆಟ್ಟಿಗೆ ಹುಡುಕುವುದೇ ಕೆಲಸ. ಶಿರಹಟ್ಟಿಯಲ್ಲಿ ಒಂದು ಇದೆಯೆಂದು ಯಾರೋ ಹೇಳಿದರು. ಹೋಗಿ ನೋಡಿದರೆ ಅದರಲ್ಲಿ ಕೋಳಿ ಕಾವಿಗೆ ಕುಳಿತಿತ್ತು. ಮರಿ ಆದ ಮೇಲೆ ಬನ್ನಿ ಎಂದರು ಮನೆಯವರು. ಮರಿ ಆದ ಮೇಲೆ ಹೋದರೆ ತಳವೇ ಇರಲಿಲ್ಲ. ಮುಂಡರಗಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಸಿಕ್ಕಿತು, ಅದರಲ್ಲಿ ತಟ್ಟೆ ಹಿಡಿಸಲಿಲ್ಲ. ಹೊಸದು ಮಾಡಿಸಿ ಎಂದು ನಾನು ಒಮ್ಮೆ ಮೆಲ್ಲಗೆ ಅಂದೆ. ಬಡಿಗ ಪೆಟ್ಟಿಗೆ ಮಾಡುತ್ತಾನೆ, ದನಿ ಇಳಿಯುವ ಅದರ ಗಂಟಲು ಮಾಡಲಾರ ಎಂದರು ನಿಮ್ಮ ಅಜ್ಜ. ಕೊನೆಗೆ ಲಕ್ಷ್ಮೇಶ್ವರದಲ್ಲಿ ಬಳೆಗಾರ ಹುಸೇನಸಾಬರ ಮನೆಯಲ್ಲಿ ಈ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರ ಯಂತ್ರ ಎಂದೋ ಹೋಗಿತ್ತು. ಹಾಡು ಹೊರಡುವ ಗೂಡಿನಲ್ಲಿ ಅವರ ಮನೆಯವರು ಹಸಿರು ಬಳೆ ಜೋಡಿಸಿದ್ದರು. ನಿಮ್ಮ ಅಜ್ಜ ರುದ್ರಪ್ಪಜ್ಜನ ಕಥೆಯನ್ನೆಲ್ಲ ಹೇಳಿಕೊಂಡರಂತೆ. ಹುಸೇನಸಾಬರು ಬಳೆಗಳನ್ನು ಒಂದೊಂದೇ ತೆಗೆದು ಬುಟ್ಟಿಗೆ ಹಾಕುತ್ತ, "ಬಳಿ ಎಲ್ಲೆರ ಕುಂಡ್ರತಾವರಿ ಮಾಸ್ತರ. ಹಾಡು ಎಲ್ಲಿ ಬೇಕಲ್ಲಿ ಕುಂಡ್ರಂಗಿಲ್ಲ. ತಗೊಂಡ ಹೋಗ್ರಿ" ಎಂದರಂತೆ. ಬದಲಿಗೆ ನಮ್ಮ ಮನೆಯ ಕಪಾಟು ಅವರಿಗೆ ಹೋಯಿತು.

ಪೆಟ್ಟಿಗೆ ಬಸ್ಸಿನ ಮೇಲೆ ಬಂತು. ಯಂತ್ರ ತನ್ನದೇ ಮನೆಗೆ ಬಂದಂತೆ ಕುಳಿತುಕೊಂಡಿತು. ತೂತಿನ ಡಬ್ಬಿಯನ್ನು ಅಂದೇ ಗುಜರಿಗೆ ಹಾಕಿದರು. ಆ ಸಂಜೆ ಓಣಿಯವರೆಲ್ಲ ಸೇರಿದರು. ಅತ್ತೆಗೆ ಕುರ್ಚಿ ಹಾಕಿ ಕೂರಿಸಿದರು. ಚಾವಿ ಕೊಟ್ಟಾಗ ಬಂತು ನೋಡಿ ದನಿ: ತುಂಬಿದ ಕೊಡದಂಥ ದನಿ, ಪಡಸಾಲೆ ತುಂಬಿ ಓಣಿಗೆ ಹರಿಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಅತ್ತೆ ನಡುವೆಯೇ ಎದ್ದು ಒಳಗೆ ಬಂದರು. ತಾಯಿಗೆ ದುಃಖ ಉಕ್ಕಿಬಂತೆಂದು ನಿಮ್ಮ ಅಜ್ಜ ತಿಳಿದರು. ನಿಮ್ಮ ಅಜ್ಜನ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಮತ್ತೆ ಕಾಣಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಗೋಡೆಗೆ ಆತು ನಿಂತಿದ್ದರು. ನೀರು ಕೊಟ್ಟೆ. ಕುಡಿಯಲಿಲ್ಲ.

"ಡಬ್ಬ್ಯಾಗ ನಮ್ಮಣ್ಣ ಇದ್ದ. ಬದುವಿನ ಮ್ಯಾಲೆ ನಿಂತು ಕರದಂಗ ಇತ್ತು" ಎಂದರು. "ಈಕಿ ಯಾರೋ ನಾಟಕದ ರಾಣಿ. ಮಂದಿ ಕೇಳಿದ ರಾಣಿ. ನನಗ ಗುರತ ಹತ್ತವಲ್ದು."

ನನ್ನ ಕೈ ಹಿಡಿದು, "ಅವನ ಮುಂದ ಅನಬ್ಯಾಡ. ಪೆಟಗಿ ಸಲುವಾಗಿ ಎಷ್ಟ ಊರು ತಿರಗ್ಯಾನ" ಎಂದರು.

ನಾನು ಹೇಳಲಿಲ್ಲ. ಇನ್ನೊಂದು ಡಬ್ಬಿ ಸಿಗುವುದೇನು ಕಷ್ಟವಿತ್ತು? ಆದರೆ ಡಬ್ಬಿ ಬೇಕೆಂದರೆ ಪೆಟ್ಟಿಗೆ ಬೇಡವೆಂದಂತೆ. ಎಂಬತ್ತರ ದಶಕದಲ್ಲಿ ಅತ್ತೆ ತೀರಿಕೊಳ್ಳುವವರೆಗೂ ನಿಮ್ಮ ಅಜ್ಜ ವಾರಕ್ಕೊಮ್ಮೆ ಪೆಟ್ಟಿಗೆಯನ್ನು ಒರೆಸಿ ಹಾಡು ಹಚ್ಚುತ್ತಿದ್ದರು. ಅತ್ತೆ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೆಯವರ ಮನೆಯ ಮದುವೆಯಲ್ಲಿ ಕುಳಿತಂತೆ. ಅವರು ಹೋದ ಮೇಲೆ ನಿಮ್ಮ ಅಜ್ಜ ಒಮ್ಮೆ, "ಅವ್ವನ ಜೀವ ತಣ್ಣಗಾತು, ಅಲ್ಲ?" ಎಂದು ಕೇಳಿದರು. ಹೂಂ ಎಂದೆ. ಆಗಲೇ ಹೇಳಿದ್ದರೆ ಅವರೇನು ಸಿಟ್ಟಾಗುತ್ತಿರಲಿಲ್ಲ. ನಕ್ಕು, ಮರುದಿನವೇ ಒಂದು ಡಬ್ಬಿ ತರುತ್ತಿದ್ದರು. ಒಬ್ಬರ ಮನಸ್ಸನ್ನು ಒಬ್ಬರು ನೋಯಿಸಬಾರದೆಂದು ಮೂವರೂ ಅಷ್ಟು ಜೋಪಾನ ಮಾಡಿದೆವು. ಅಣ್ಣ ತಂಗಿಯನ್ನು ಕರೆಯುವ ದನಿ ಅಷ್ಟರಲ್ಲಿ ಕಳೆದುಹೋಯಿತು.

ಇದನ್ನು ಬರೆಯಲು ಕಾರಣ ಪೆಟ್ಟಿಗೆಯೊಂದೇ ಅಲ್ಲ. ನಿಮ್ಮ ಅಜ್ಜ ಇದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮಾಡಬೇಕಿದ್ದ ಭಾಷಣವನ್ನು ನೆರೆಯವರ ಟೇಪ್ ರಿಕಾರ್ಡರಿನಲ್ಲಿ ಮನೆಯಲ್ಲೇ ಹೇಳಿ ನೋಡಿಕೊಂಡಿದ್ದ ಕ್ಯಾಸೆಟ್ಟನ್ನು ಹೋದ ವಾರ ನೀವು ಮೊಬೈಲಿಗೆ ಇಳಿಸಿ ಕಳಿಸಿದಿರಿ. ಹಿಂದಿನ ಗದ್ದಲವನ್ನೆಲ್ಲ ತೆಗೆದು ಸ್ವಚ್ಛ ಮಾಡಿದ್ದೇವೆ, ಹೇಗಿದೆ ಎಂದು ಕೇಳಿದಿರಿ. ಭಾಳ ಛಲೋ ಐತಿ ಎಂದೆ. ನೀವು ಹಿಗ್ಗಿದಿರಿ.

ಛಲೋ ಇದೆ, ಸುಳ್ಳಲ್ಲ. ಆದರೆ ಅದರಲ್ಲಿ ಮಾತಾಡುವವರು ಮಾಸ್ತರರು. ನನ್ನ ಮನೆಯವರು ನೀವು ತೆಗೆದುಹಾಕಿದ ಗದ್ದಲದಲ್ಲಿದ್ದರು. ಅಂದು ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವರು ಭಾಷಣ ನಿಲ್ಲಿಸಿ, ಒಂದು ಗಳಿಗೆ ಬಡಿಯಬೇಡ ಎಂದು ಕೂಗಿದರು. ನಾನು ನಿಲ್ಲಿಸಿ, ಮತ್ತೆ ಮೆಲ್ಲಗೆ ಬಡಿದೆ. ಅವರು ನಗುತ್ತಲೇ ಮುಂದುವರಿಸಿದರು. ನಾವಿಬ್ಬರೂ ಒಟ್ಟಿಗೆ ಇರುವ ಸದ್ದು ಅದೊಂದೇ.

ಬೇಸರ ಮಾಡಿಕೊಳ್ಳಬೇಡಿ. ಸ್ವಚ್ಛ ಮಾಡುವ ಮೊದಲಿನದು ನಿಮ್ಮ ಹತ್ತಿರ ಉಳಿದಿದ್ದರೆ, ನನಗೆ ಅದನ್ನು ಕಳಿಸಿ.